ಡೀಸೆಲ್ ಫೋರ್ ವೀಲ್ ಡ್ರೈವ್‌ಗೆ ಪ್ರತ್ಯೇಕ ವಾಟರ್ ಟೆಂಪರೇಚರ್ ಗೇಜ್: ಸೆನ್ಸರ್ ಎಲ್ಲಿ ಕೂರಿಸಬೇಕು?

ಗೇರ್‌ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಟರ್ಬೊ ಡೀಸೆಲ್ ಫೋರ್ ವೀಲ್ ಡ್ರೈವ್. ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್, ಎರಕದ ಕಬ್ಬಿಣದ ಬ್ಲಾಕ್, ಅದರ ಮೇಲೆ ಅಲ್ಯೂಮಿನಿಯಂ ಹೆಡ್ (ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಭಾಗ). ಎಂಜಿನ್ ಚೆನ್ನಾಗಿದೆ, ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ.

ನನಗೆ ನೆಮ್ಮದಿ ಕೊಡದಿರುವುದು ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು. ಗಾಡಿ ಬೆಚ್ಚಗಾದ ಮೇಲೆ ಅದು ಮಧ್ಯಕ್ಕೆ ಬಂದು ನಿಲ್ಲುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಆರಾಮವಾಗಿ ಓಡುವಾಗಲೂ ಅಲ್ಲೇ, ಟ್ರೇಲರ್ ಕಟ್ಟಿಕೊಂಡು ಎರಡನೇ ಗೇರಿನಲ್ಲಿ ಕಡಿದಾದ ಏರು ಹತ್ತುವಾಗಲೂ ಅಲ್ಲೇ. ಎರಡೂ ಸಂದರ್ಭಗಳಲ್ಲಿ ಎಂಜಿನ್ ಒಂದೇ ಬಿಸಿಯಲ್ಲಿ ಇರಲು ಸಾಧ್ಯವೇ ಇಲ್ಲ. ಮುಳ್ಳು ಕೆಂಪು ಗುರುತಿನ ಕಡೆ ಹೊರಡುವ ಹೊತ್ತಿಗೆ ಹೆಡ್‌ಗೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ ಎಂಬ ಭಯ ನನ್ನದು.

ಹಾಗಾಗಿ ಡಿಗ್ರಿಯಲ್ಲಿ ಅಂಕಿ ತೋರಿಸುವ 52 ಮಿ.ಮೀ. ಎಲೆಕ್ಟ್ರಿಕಲ್ ಗೇಜ್ ಒಂದನ್ನು ಅದರದೇ ಸೆನ್ಸರ್ ಸಮೇತ ತಂದಿಟ್ಟುಕೊಂಡಿದ್ದೇನೆ. ಸೆನ್ಸರ್‌ನ ಥ್ರೆಡ್ 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್ ಅಳತೆ). ಇನ್ನು ಅದನ್ನು ಎಲ್ಲಿ ಕೂರಿಸುವುದು ಎಂಬಲ್ಲಿ ಬಂದು ನಿಂತಿದ್ದೇನೆ. ಮೇಲಿನ ರೇಡಿಯೇಟರ್ ಹೋಸ್ ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಹಾಕುವುದೇ? ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ತೆರೆಯುವ ವಾಲ್ವ್) ಹೌಸಿಂಗ್‌ನಲ್ಲಿ ರಂಧ್ರ ಕೊರೆಯುವುದೇ? ಕಂಪನಿಯ ಸೆನ್ಸರ್ ಇರುವ ಜಾಗಕ್ಕೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಜೋಡಿಸಿ ಎರಡನ್ನೂ ಹಾಕುವುದೇ? ಈ ಕೆಲಸ ಮಾಡಿದವರು ಕಾರಣ ಸಹಿತ ಹೇಳಿದರೆ ಉಪಕಾರವಾಗುತ್ತದೆ.

ಹಳೆಯ ಪಾನಾ

ಮೊದಲು ಮುಳ್ಳಿನ ವಿಷಯ. ನಿಮ್ಮ ಅನುಮಾನ ಸರಿ. ಬಹಳಷ್ಟು ಗಾಡಿಗಳಲ್ಲಿ ಕಂಪನಿಯ ಗೇಜನ್ನು ಉದ್ದೇಶಪೂರ್ವಕವಾಗಿಯೇ ಮಂದ ಮಾಡಿರುತ್ತಾರೆ. ಸರಿಸುಮಾರು 75 ಡಿಗ್ರಿಯಿಂದ 100 ಡಿಗ್ರಿ ದಾಟುವವರೆಗೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ವ್ಯವಸ್ಥೆ ಇರುತ್ತದೆ. ಸಹಜ ಏರಿಳಿತ ಕಂಡು ಗ್ರಾಹಕರು ಗಾಬರಿಯಾಗಿ ವರ್ಕ್‌ಶಾಪ್‌ಗೆ ಓಡಿ ಬರಬಾರದು ಎಂಬುದು ಅದರ ಉದ್ದೇಶ. ದಿನನಿತ್ಯದ ಓಡಾಟಕ್ಕೆ ಅದು ಸಾಕು. ಭಾರ ಎಳೆಯುವ, ಕಾಡುದಾರಿಯಲ್ಲಿ ತಿರುಗುವ ಡೀಸೆಲ್‌ಗೆ ಸಾಲದು.

ಅಲ್ಯೂಮಿನಿಯಂ ಹೆಡ್ ಮತ್ತು ಕಬ್ಬಿಣದ ಬ್ಲಾಕ್ ಜೋಡಿಯ ಕಷ್ಟ ಬೇರೆಯೇ ಇದೆ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಹಿಡಿದಿರುವುದರಿಂದ ಹೆಡ್‌ಗೆ ಹಿಗ್ಗಲು ಜಾಗವಿಲ್ಲ. ಅತಿಯಾಗಿ ಬಿಸಿಯಾದರೆ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಮೇಲಿನ ಹಿಡಿತ ಸಡಿಲವಾಗುತ್ತದೆ, ಕೆಲವೊಮ್ಮೆ ವಾಲ್ವ್‌ಗಳ ನಡುವೆ ಬಿರುಕು ಬಿಡುತ್ತದೆ. ನನ್ನ ಮೇಜಿನ ಮೇಲೆ ಬಂದ ಸೊಟ್ಟ ಹೆಡ್‌ಗಳಲ್ಲಿ ಹೆಚ್ಚಿನವುಗಳ ಚಾಲಕರು ಹೇಳಿದ ಮಾತು ಒಂದೇ: ಮುಳ್ಳು ಮಧ್ಯದಲ್ಲೇ ಇತ್ತು.

ಈಗ ಜಾಗ. ನನ್ನ ಮತ ಹೆಡ್‌ಗೆ, ಅದಾಗದಿದ್ದರೆ ಥರ್ಮೋಸ್ಟಾಟ್‌ಗಿಂತ ಎಂಜಿನ್ ಬದಿಯಲ್ಲಿರುವ ನೀರಿನ ದಾರಿಗೆ. ಹೆಡ್‌ನ ಹಿಂಭಾಗದಲ್ಲಿಯೋ ಥರ್ಮೋಸ್ಟಾಟ್ ಹೌಸಿಂಗ್‌ನ ಕೆಳಭಾಗದಲ್ಲಿಯೋ ಬಳಸದೆ ಬಿಟ್ಟ ರಂಧ್ರಕ್ಕೆ ಪ್ಲಗ್ ಹಾಕಿರುವುದು ಅನೇಕ ಎಂಜಿನ್‌ಗಳಲ್ಲಿ ಇರುತ್ತದೆ. ಬ್ಯಾಟರಿ ದೀಪ ಹಿಡಿದು ಹುಡುಕಿ. ಸಿಕ್ಕರೆ ಕೊರೆಯುವ ಪ್ರಶ್ನೆಯೇ ಇಲ್ಲ.

ಟೀ ಜೋಡಿಸುವ ಯೋಚನೆ ಬಿಟ್ಟುಬಿಡಿ. ಟೀ ಹಾಕಿದಾಗ ಸೆನ್ಸರ್‌ನ ತುದಿ ಹರಿಯುವ ನೀರಿನಿಂದ ಹೊರಗೆ ಸರಿದು ನಿಂತ ನೀರಿನ ಗೂಡಿನಲ್ಲಿ ಕೂರುತ್ತದೆ. ಅಲ್ಲಿ ಗಾಳಿಯ ಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ. ಎರಡೂ ಗೇಜ್‌ಗಳು ತಡವಾಗಿ, ಕಡಿಮೆಯಾಗಿ ತೋರಿಸುತ್ತವೆ. ಮತ್ತೊಂದು ವಿಷಯ: ಕೆಲವು ಎಂಜಿನ್‌ಗಳಲ್ಲಿ ಎರಡು ಸೆನ್ಸರ್ ಇರುತ್ತವೆ, ಒಂದು ಮುಳ್ಳಿಗೆ, ಇನ್ನೊಂದು ಗ್ಲೋ ಪ್ಲಗ್ (ತಣ್ಣನೆಯ ಡೀಸೆಲ್ ಎಂಜಿನ್ ಶುರುವಾಗಲು ಬಿಸಿ ಕೊಡುವ ಕಡ್ಡಿ) ಸಮಯ ನಿರ್ಧರಿಸುವ ಕಂಟ್ರೋಲರ್‌ಗೆ. ಎರಡನೆಯದನ್ನು ತೆಗೆದರೆ ಚಳಿಯ ಬೆಳಗ್ಗೆ ಎಂಜಿನ್ ಎಬ್ಬಿಸಲು ಒದ್ದಾಡಬೇಕಾಗುತ್ತದೆ.

ಥ್ರೆಡ್ ಬಗ್ಗೆ ಎಚ್ಚರ. 1/8 ಎನ್‌ಪಿಟಿಗೆ ಇಂಚಿಗೆ 27 ಸುತ್ತು, ಕೋನ 60 ಡಿಗ್ರಿ. ಬ್ರಿಟಿಷ್ ಪೈಪ್ ಥ್ರೆಡ್ ಆದ 1/8 ಬಿಎಸ್‌ಪಿಗೆ ಇಂಚಿಗೆ 28 ಸುತ್ತು, ಕೋನ 55 ಡಿಗ್ರಿ. ಒಂದನ್ನು ಇನ್ನೊಂದರಲ್ಲಿ ತಿರುಗಿಸಿದರೆ ಮೊದಲ ಕೆಲವು ಸುತ್ತು ಹೋಗುತ್ತದೆ, ಸರಿಯಾಗಿ ಕೂತಂತೆಯೇ ಅನ್ನಿಸುತ್ತದೆ. ಆಮೇಲೆ ಸೋರುತ್ತದೆ, ಇಲ್ಲವೇ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಜಪಾನಿನ ಎಂಜಿನ್‌ಗಳಲ್ಲಿ ಬಿಎಸ್‌ಪಿ ಅಳತೆಯದೇ ರೂಢಿ. ಥ್ರೆಡ್ ಗೇಜ್ ಇಟ್ಟು ನೋಡದೆ ಪಾನಾ ಹಾಕಬೇಡಿ.

ಹೊಸ ಚಾಲಕ

ನನ್ನ ಗಾಡಿ ಕಾಮನ್ ರೈಲ್ ಡೀಸೆಲ್, ಅಂದರೆ ಇಂಜೆಕ್ಷನ್ ಅನ್ನು ಕಂಪ್ಯೂಟರ್ ನಿಯಂತ್ರಿಸುವಂಥದ್ದು. ಒಬಿಡಿ ಸಾಕೆಟ್‌ಗೆ (ಎಂಜಿನ್ ಕಂಪ್ಯೂಟರ್‌ನ ಮಾಹಿತಿ ಓದುವ ಸಾಕೆಟ್) ಚಿಕ್ಕ ಬ್ಲೂಟೂತ್ ಉಪಕರಣ ಸಿಕ್ಕಿಸಿದರೆ ಮೊಬೈಲ್‌ನಲ್ಲೇ ಕೂಲಂಟ್ (ಎಂಜಿನ್ ತಂಪು ಮಾಡುವ ನೀರು) ತಾಪಮಾನ ಡಿಗ್ರಿಯಲ್ಲಿ ಬರುತ್ತದೆ. ಅಂತಹ ಗಾಡಿಗಳಿಗೂ ಬೇರೆ ಗೇಜ್ ಬೇಕೇ?

ತಂತಿ ಕೆಲಸ

ಹೊಸ ಚಾಲಕರೇ, ನಿಮಗೆ ಅರ್ಧ ಕೆಲಸ ಉಚಿತವಾಗಿ ಆಗಿದೆ. ಒಬಿಡಿಯಲ್ಲಿ ಬರುವುದು ಎಂಜಿನ್ ಕಂಪ್ಯೂಟರ್ ಸ್ವತಃ ಬಳಸುವ ಅಂಕಿ. ಒಂದೇ ಬೈಟ್‌ನಲ್ಲಿ ಕಳುಹಿಸುತ್ತಾರೆ, ಅದರಿಂದ 40 ಕಳೆದರೆ ಡಿಗ್ರಿ ಸೆಲ್ಸಿಯಸ್ ಸಿಗುತ್ತದೆ. ಆದ್ದರಿಂದ −40ರಿಂದ 215ರವರೆಗೆ ಒಂದೊಂದು ಡಿಗ್ರಿಯಾಗಿ ಓದಬಹುದು. ಡ್ಯಾಶ್‌ಬೋರ್ಡಿನ ಮಂದ ಮುಳ್ಳಿಗಿಂತ ಎಷ್ಟೋ ಮೇಲು. ಆದರೆ ಅದು ಮೊಬೈಲ್ ತೆರೆದು ನೋಡಿದಾಗ ಮಾತ್ರ ಕಾಣುವ ಅಂಕಿ. ಕಲ್ಲುದಾರಿಯಲ್ಲಿ ಕಣ್ಣು ಹಾದಿಯ ಮೇಲಿರುವಾಗ ಕಿವಿಗೆ ಕೇಳುವ ಅಲಾರಂ ಬೇಕು. ಅಲಾರಂ ಕೊಡುವ ಒಬಿಡಿ ಗೇಜ್‌ಗಳೂ ಇವೆ. ನಿಮಗೆ ಅದು ಸಾಕಾಗಬಹುದು.

ಗೇರ್‌ಪೆಟ್ಟಿಗೆಯವರ ಗಾಡಿಗೆ ಆ ದಾರಿ ಇಲ್ಲ. ತಂತಿಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಇಂತಹ ಗೇಜ್‌ಗಳ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ನೀರಿಗೆ ಸಂಬಂಧಿಸಿದವಲ್ಲ, ಅರ್ಥಿಂಗ್‌ಗೆ ಸಂಬಂಧಿಸಿದವು.

ಸೆನ್ಸರ್ ಒಳಗಿರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ಒಂದೇ ತಂತಿಯ ಸೆನ್ಸರ್ ಆಗಿದ್ದರೆ ವಿದ್ಯುತ್ತು ಅದರ ಹಿತ್ತಾಳೆಯ ಮೈಯಿಂದ, ಥ್ರೆಡ್ ಮೂಲಕ ಎಂಜಿನ್‌ಗೆ ಹೋಗಿ ಮರಳಬೇಕು. ಇದನ್ನು ನೆನಪಿಟ್ಟುಕೊಂಡರೆ ದೋಷ ಪತ್ತೆ ಸುಲಭ. ಸೆನ್ಸರ್ ತಂತಿ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೆ ಮುಳ್ಳು ಪೂರ್ತಿ ಬಿಸಿಯ ಕಡೆ ಹಾರುತ್ತದೆ. ತಂತಿ ತುಂಡಾದರೆ ಪೂರ್ತಿ ತಣ್ಣಗೆ ಮಲಗುತ್ತದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ದಪ್ಪವಾಗಿ ಸುತ್ತಿದರೆ ಅರ್ಥ್ ಕೆಟ್ಟು ಗೇಜ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಪಾಯಕಾರಿ ತಪ್ಪು ಇದೇ, ಏಕೆಂದರೆ ಕಡಿಮೆ ಅಂಕಿ ಯಾರಿಗೂ ಅನುಮಾನ ತರುವುದಿಲ್ಲ. ತುದಿಯ ಒಂದೆರಡು ಸುತ್ತು ಬಿಟ್ಟು ದ್ರವ ಸೀಲಂಟ್ ತೆಳುವಾಗಿ ಹಚ್ಚಿ. ಕೂರಿಸಿದ ಮೇಲೆ ಸೆನ್ಸರ್‌ನ ಮೈ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ಸೊನ್ನೆಗೆ ಹತ್ತಿರ ಇರಬೇಕು.

ಹಿತ್ತಾಳೆ ಮೃದು. ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಆಮೇಲೆ ಸ್ವಲ್ಪವೇ ಬಿಗಿ ಮಾಡಿ.

ಗೇಜ್ ಬದಿಯಲ್ಲಿ ಸಾಮಾನ್ಯವಾಗಿ ಇಗ್ನಿಷನ್ ಆನ್ ಆದಾಗ ಬರುವ 12 ವೋಲ್ಟ್, ಅರ್ಥ್, ಪಾರ್ಕ್ ಲೈಟ್‌ನಿಂದ ಬೆಳಕಿಗೆ ಒಂದು, ಸೆನ್ಸರ್‌ಗೆ ಒಂದು ತಂತಿ. ಕೆಲವು ಡಿಜಿಟಲ್ ಗೇಜ್‌ಗಳಿಗೆ ಬ್ಯಾಟರಿಯಿಂದ ಸದಾ ಬರುವ ತಂತಿಯೂ ಬೇಕು. ಇದು ಎಳೆಯುವ ಕರೆಂಟ್ ಬಹಳ ಕಡಿಮೆ, ರಿಲೇ ಬೇಡ. ಆದರೆ ವಿದ್ಯುತ್ ತೆಗೆದುಕೊಳ್ಳುವ ಜಾಗದಲ್ಲೇ 2 ಅಥವಾ 3 ಆಂಪಿಯರ್ ಫ್ಯೂಸ್ ಇರಲೇಬೇಕು. ಗೇಜ್‌ನ ಅರ್ಥ್ ತಂತಿಯನ್ನು ಡ್ಯಾಶ್‌ಬೋರ್ಡ್ ಹಿಂದಿನ ಯಾವುದೋ ಸ್ಕ್ರೂಗೆ ಕಟ್ಟಬೇಡಿ. ಬೋನೆಟ್ ಒಳಗೆ ಎಂಜಿನ್‌ಗೋ ಬ್ಯಾಟರಿಗೋ ಒಯ್ದು ಕಟ್ಟಿ. ಫೈರ್‌ವಾಲ್ ದಾಟುವಲ್ಲಿ ರಬ್ಬರ್ ಗ್ರೊಮೆಟ್, ಟರ್ಬೊ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ.

ಕಂಪನಿಯ ಸೆನ್ಸರ್ ತಂತಿಯಿಂದಲೇ ಒಂದು ಕವಲು ತೆಗೆದು ಹೊಸ ಗೇಜ್‌ಗೆ ಕೊಡಬಹುದಲ್ಲವೇ ಎಂದು ಯಾರಾದರೂ ಹೇಳಬಹುದು. ಕೊಡಬಾರದು. ಪ್ರತಿ ಗೇಜನ್ನೂ ಅದರದೇ ಸೆನ್ಸರ್‌ನ ರೋಧದ ರೇಖೆಗೆ ಹೊಂದಿಸಿರುತ್ತಾರೆ. ಕವಲು ತೆಗೆದರೆ ಎರಡೂ ಸುಳ್ಳು ಹೇಳುತ್ತವೆ.

ಏರುದಾರಿ

ಹಳೆಯ ಪಾನಾ ಅವರ ಮಾತಿಗೆ ಗೌರವವಿದೆ, ಆದರೆ ಮನೆಯಲ್ಲೇ ಕೆಲಸ ಮಾಡುವವರಿಗೆ ನಾನು ಮೇಲಿನ ಹೋಸ್‌ನ ಅಡಾಪ್ಟರನ್ನೇ ಹೇಳುತ್ತೇನೆ. ಎಂಜಿನ್‌ಗೆ ಡ್ರಿಲ್ ತಾಗಿಸುವ ಪ್ರಮೇಯವಿಲ್ಲ. ನಾಳೆ ಬೇಡವೆನಿಸಿದರೆ ಹೊಸ ಹೋಸ್ ಹಾಕಿದರೆ ಗಾಡಿ ಮೊದಲಿನಂತೆಯೇ. ಥರ್ಮೋಸ್ಟಾಟ್ ತೆರೆದು ನೀರು ಹರಿಯತೊಡಗಿದ ಮೇಲೆ ಮೇಲಿನ ಹೋಸ್‌ನಲ್ಲಿರುವುದು ಎಂಜಿನ್‌ನಿಂದ ಹೊರಬರುವ ನೀರೇ. ನಾವು ಚಿಂತಿಸಬೇಕಾದ ಬಿಸಿಯಲ್ಲಿ ಥರ್ಮೋಸ್ಟಾಟ್ ಹೇಗೂ ತೆರೆದೇ ಇರುತ್ತದೆ.

ಮಾಡುವ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿ ರೇಡಿಯೇಟರ್‌ನ ಮುಚ್ಚಳ ತೆರೆಯುವವರ ಮುಖ, ಕೈ ಬೆಂದ ಪ್ರಸಂಗಗಳು ಎಲ್ಲೆಡೆ ಇವೆ. ಕೂಲಂಟನ್ನು ಶುಭ್ರ ಪಾತ್ರೆಗೆ ಇಳಿಸಿಕೊಳ್ಳಿ. ಅದರಲ್ಲಿರುವ ಇಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಮಕ್ಕಳಿಂದ ದೂರವಿಡಿ, ನೆಲದ ಮೇಲೆ ಚೆಲ್ಲಿದರೆ ತೊಳೆಯಿರಿ. ಹೋಸ್‌ನ ಒಳ ಅಳತೆ ತೆಗೆದ ಮೇಲೆಯೇ ಅಡಾಪ್ಟರ್ ಕೊಳ್ಳಿ. 32, 34, 36, 38 ಮಿ.ಮೀ. ಹೀಗೆ ಹಲವು ಗಾತ್ರಗಳಿವೆ. ಹೋಸ್‌ನ ನೇರ ಭಾಗದಲ್ಲಿ, ಫ್ಯಾನ್ ಮತ್ತು ಬೆಲ್ಟ್‌ಗೆ ತಾಗದ ಕಡೆ ಗುರುತು ಹಾಕಿ. ಅಡಾಪ್ಟರ್‌ನ ಎರಡು ತುದಿಗಳು ಹೋಸ್ ಒಳಗೆ ಹೋಗುವುದರಿಂದ, ಹೊರಗೆ ಕಾಣುವ ನಡುಭಾಗದಷ್ಟು ಅಗಲದ ತುಂಡನ್ನು ಮಾತ್ರ ಕತ್ತರಿಸಿ ತೆಗೆಯಬೇಕು. ಆಗ ಒಟ್ಟು ಉದ್ದ ಬದಲಾಗುವುದಿಲ್ಲ. ಎಂಜಿನ್ ಅಲುಗಾಡುವಾಗ ಹೋಸ್ ಎಳೆದಂತಾಗಬಾರದು.

ಮರೆಯಬಾರದ್ದು: ಅಡಾಪ್ಟರ್ ಎರಡೂ ಕಡೆ ರಬ್ಬರ್‌ನಲ್ಲಿ ಕೂತಿರುತ್ತದೆ, ಅದಕ್ಕೆ ಅರ್ಥ್ ಇಲ್ಲ. ಒಂದು ತಂತಿಯ ಸೆನ್ಸರ್ ಆಗಿದ್ದರೆ ಅಡಾಪ್ಟರ್‌ನ ಮೈಯಿಂದ ಎಂಜಿನ್‌ಗೆ ಪ್ರತ್ಯೇಕ ಅರ್ಥ್ ತಂತಿ ಬೇಕು. ಇದಿಲ್ಲದೆ ಗೇಜ್ ಸತ್ತಂತೆ ಬಿದ್ದಿರುತ್ತದೆ, ಜನ ಅಂಗಡಿಯವರನ್ನು ಬೈಯುತ್ತಾರೆ.

ಆಮೇಲೆ ಗಾಳಿ ತೆಗೆಯುವುದು. ಗಾಡಿಯ ಮೂತಿ ಸ್ವಲ್ಪ ಎತ್ತರದಲ್ಲಿರಲಿ, ಹೀಟರ್ ಪೂರ್ತಿ ಬಿಸಿಗಿಡಿ, ತಣ್ಣಗಿರುವಾಗಲೇ ಮುಚ್ಚಳ ತೆರೆದು ಎಂಜಿನ್ ಶುರು ಮಾಡಿ ಹೋಸನ್ನು ನಿಧಾನವಾಗಿ ಅದುಮುತ್ತಾ ಗುಳ್ಳೆ ಹೊರಡಿಸಿ. ಮಟ್ಟ ಇಳಿದಂತೆ ಅದೇ ಬಗೆಯ ಕೂಲಂಟ್ ತುಂಬಿ.

ಹಳೆಯ ಪಾನಾ

> ನಾವು ಚಿಂತಿಸಬೇಕಾದ ಬಿಸಿಯಲ್ಲಿ ಥರ್ಮೋಸ್ಟಾಟ್ ಹೇಗೂ ತೆರೆದೇ ಇರುತ್ತದೆ.

ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಕೆಟ್ಟು ನಿಂತರೆ? ಆಗ ಎಂಜಿನ್ ಕುದಿಯುತ್ತಿರುತ್ತದೆ, ಮೇಲಿನ ಹೋಸ್ ಉಗುರುಬೆಚ್ಚಗಿರುತ್ತದೆ, ನಿಮ್ಮ ಗೇಜ್ 50 ತೋರಿಸುತ್ತಿರುತ್ತದೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಕೆಳಗಿನ ಹೋಸ್‌ಗೆ ಕಲ್ಲು ಬಡಿದು ನೀರು ಹೊರಟುಹೋಯಿತು ಎಂದುಕೊಳ್ಳಿ. ಮೇಲಿನ ಹೋಸ್ ಅತಿ ಎತ್ತರದ ಜಾಗಗಳಲ್ಲಿ ಒಂದು. ಅಲ್ಲಿಯ ನೀರೇ ಮೊದಲು ಖಾಲಿಯಾಗುವುದು. ಸೆನ್ಸರ್ ಈಗ ಗಾಳಿಯಲ್ಲಿ ನೇತಾಡುತ್ತಿದೆ. ನೀರು ಬಿಸಿ ಮುಟ್ಟಿಸುವಂತೆ ಗಾಳಿ ಮುಟ್ಟಿಸುವುದಿಲ್ಲ. ಗೇಜ್ ಏರುವ ಬದಲು ಇಳಿಯುತ್ತದೆ, ಚಾಲಕ ಸಮಾಧಾನದಿಂದ ಮುಂದೆ ಓಡಿಸುತ್ತಾನೆ, ಹೆಡ್ ಹೋಗುತ್ತದೆ. ಹೆಡ್‌ನಲ್ಲಿರುವ ಸೆನ್ಸರ್‌ಗೂ ಈ ದೌರ್ಬಲ್ಯ ಇದೆ, ಆದರೆ ಅಷ್ಟು ಬೇಗ ಮೋಸ ಹೋಗುವುದಿಲ್ಲ, ಏಕೆಂದರೆ ಅದರ ಸುತ್ತಲೂ ಬಿಸಿ ಲೋಹ ಇದೆ.

ಮರಳುಹಾದಿ

ಈ ಕಾರಣಕ್ಕೇ ನಾನು ನೀರಿನ ಸೆನ್ಸರ್ ಬಿಟ್ಟು ಲೋಹದ ಸೆನ್ಸರ್ ಹಾಕಿಸಿದೆ. ರಿಂಗ್ ಟರ್ಮಿನಲ್‌ನಂತೆ ಇರುತ್ತದೆ, ಹೆಡ್‌ಗೆ ಈಗಾಗಲೇ ಇರುವ ಒಂದು ಚಿಕ್ಕ ಬೋಲ್ಟ್ ಕೆಳಗೆ ಸಿಕ್ಕಿಸಿದರೆ ಆಯಿತು. ಹೋಸ್ ಕತ್ತರಿಸುವುದಿಲ್ಲ, ಕೂಲಂಟ್ ಇಳಿಸುವುದಿಲ್ಲ. ನೀರು ಇರಲಿ ಇಲ್ಲದಿರಲಿ, ಹೆಡ್ ಬಿಸಿಯಾದರೆ ಅದು ಹೇಳುತ್ತದೆ. ಅಲಾರಂ ಅದರಲ್ಲೇ ಇದೆ. ಹೆಡ್ ಬೋಲ್ಟನ್ನು ಮಾತ್ರ ಇದಕ್ಕಾಗಿ ಸಡಿಲ ಮಾಡಬೇಡಿ. ಬ್ರಾಕೆಟ್ ಹಿಡಿದಿರುವ ಬೋಲ್ಟ್, ಎತ್ತುವ ಕೊಂಡಿಯ ಬೋಲ್ಟ್, ಇಂಥವು ಆಗಬೇಕು.

ನನ್ನದು ಆಟೋಮ್ಯಾಟಿಕ್ ಗೇರ್. ಸಡಿಲ ಮರಳಿನಲ್ಲಿ ಟಾರ್ಕ್ ಕನ್ವರ್ಟರ್ ಜಾರುತ್ತಾ ಗೇರ್ ಎಣ್ಣೆಯನ್ನು ಕಾಯಿಸುತ್ತದೆ, ಆ ಎಣ್ಣೆಯ ಕೂಲರ್ ರೇಡಿಯೇಟರ್ ಒಳಗೇ ಇರುವುದರಿಂದ ಆ ಬಿಸಿಯೂ ನೀರಿಗೇ ಬರುತ್ತದೆ. ವೇಗ ಕಡಿಮೆ, ಗಾಳಿ ಕಡಿಮೆ, ಬಿಸಿ ಎರಡು ಕಡೆಯಿಂದ. ಇಂತಹ ಜಾಗದಲ್ಲಿ ಅಂಕಿ ಇಲ್ಲದೆ ಹೋಗಲು ನನಗೆ ಈಗ ಮನಸ್ಸೇ ಬರುವುದಿಲ್ಲ.

ಏರುದಾರಿ

ಲೋಹದ ಸೆನ್ಸರ್ ಕೊಡುವುದು ಬೋಲ್ಟ್ ಇರುವ ಜಾಗದ ಬಿಸಿ. ನೀರಿನ ತಾಪಮಾನಕ್ಕೂ ಅದಕ್ಕೂ ಕೆಲವು ಡಿಗ್ರಿ ವ್ಯತ್ಯಾಸ ಇರುತ್ತದೆ, ಗಾಳಿ ತಾಗುವ ಬದಿಯಲ್ಲಿದ್ದರೆ ಇನ್ನೂ ಹೆಚ್ಚು. ರೇಡಿಯೇಟರ್ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ನೀರಿನ ಅಂಕಿಯೇ ಬೇಕು. ಆದರೆ ಪಾನಾ ಅವರು ಹೇಳಿದ ನೀರು ಖಾಲಿಯಾಗುವ ಸಂದರ್ಭಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹೋಸ್ ಅಡಾಪ್ಟರ್ ಹಾಕುವವರು ಅದರ ಜೊತೆಗೆ ಕೂಲಂಟ್ ಮಟ್ಟದ ಅಲಾರಂ ಕೂಡ ಹಾಕಬೇಕು ಎಂದು ಒಪ್ಪುತ್ತೇನೆ.

ಗೇರ್‌ಪೆಟ್ಟಿಗೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಹುಡುಕಿದೆ, ಥರ್ಮೋಸ್ಟಾಟ್ ಹೌಸಿಂಗ್‌ನ ಎಂಜಿನ್ ಬದಿಯಲ್ಲಿ ತುಕ್ಕು ಹಿಡಿದ ಪ್ಲಗ್ ಒಂದಿದೆ. ಥ್ರೆಡ್ ಗೇಜ್ ಇಟ್ಟು ನೋಡಿದರೆ 28 ಸುತ್ತು, ಅಂದರೆ ಬಿಎಸ್‌ಪಿ. ಆ ರಂಧ್ರದ ಅಳತೆಯ ಅಡಾಪ್ಟರ್ ಹಾಕಿದರೆ ಸೆನ್ಸರ್ ತುದಿ ನೀರಿನ ಹರಿವಿಗೆ ಮುಟ್ಟುವುದಿಲ್ಲ, ಅಳತೆ ಮಾಡಿ ನೋಡಿದ್ದೇನೆ. ಆದ್ದರಿಂದ ಅದೇ ಗೇಜ್‌ಗೆ ಅದೇ ತಯಾರಕರು ಕೊಡುವ ಬಿಎಸ್‌ಪಿ ಥ್ರೆಡ್‌ನ ಸೆನ್ಸರ್ ತರಿಸುತ್ತಿದ್ದೇನೆ. ಜೊತೆಗೆ ಮರಳುಹಾದಿಯವರು ಹೇಳಿದ ಲೋಹದ ಸೆನ್ಸರ್ ಇರುವ ಚಿಕ್ಕ ಅಲಾರಂ ಕೂಡ.

ಒಂದು ಪ್ರಶ್ನೆ ಉಳಿದಿದೆ. ಹೊಸ ಗೇಜ್ ಸರಿಯಾದ ಅಂಕಿ ತೋರಿಸುತ್ತಿದೆ ಎಂದು ಗಾಡಿಗೆ ಹಾಕುವ ಮೊದಲೇ ತಿಳಿಯುವುದು ಹೇಗೆ?

ತಂತಿ ಕೆಲಸ

ಕುದಿಯುವ ನೀರಿಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಗೇಜನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿ, ಸೆನ್ಸರ್ ತಂತಿ ಹಾಕಿ, ಸೆನ್ಸರ್‌ನ ಮೈಗೆ ಕ್ಲಿಪ್ ಹಾಕಿ ಬ್ಯಾಟರಿಯ ನೆಗೆಟಿವ್‌ಗೆ ಒಯ್ಯಿರಿ. ಪಾತ್ರೆಯಲ್ಲಿ ನೀರು ಕುದಿಸಿ, ಸೆನ್ಸರ್‌ನ ತುದಿ ಮಾತ್ರ ಮುಳುಗುವಂತೆ ಇಳಿಬಿಡಿ. ಪಾತ್ರೆಯ ತಳ ತಾಗಬಾರದು, ತಳದ ಬಿಸಿ ನೀರಿಗಿಂತ ಹೆಚ್ಚು. ಟರ್ಮಿನಲ್ ಇರುವ ತುದಿ ನೀರಿನಿಂದ ಮೇಲಿರಲಿ.

ಸಮುದ್ರಮಟ್ಟದಲ್ಲಿ 100 ಡಿಗ್ರಿ. ಎತ್ತರ ಪ್ರತಿ 300 ಮೀಟರ್ ಏರಿದಂತೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 900 ಮೀಟರ್ ಎತ್ತರದಲ್ಲಿ ಗೇಜ್ 97 ತೋರಿಸಿದರೆ ಅದು ಸರಿಯಾಗಿಯೇ ಇದೆ, ಹಿಂದಿರುಗಿಸಲು ಓಡಬೇಡಿ. ಆಮೇಲೆ ಒಲೆ ಆರಿಸಿ, ಒಳ್ಳೆಯ ಥರ್ಮಾಮೀಟರ್ ಇಟ್ಟು, ನೀರು ಆರುತ್ತಾ ಬರುವಾಗ 90, 80, 70ರಲ್ಲಿ ಹೋಲಿಸಿ ಬರೆದಿಟ್ಟುಕೊಳ್ಳಿ. ಒಂದೆರಡು ಡಿಗ್ರಿ ವ್ಯತ್ಯಾಸ ದೊಡ್ಡದಲ್ಲ, ಅದು ಎಷ್ಟೆಂದು ಗೊತ್ತಿದ್ದರೆ ಸಾಕು.

ಹೊಸ ಚಾಲಕ

ಇದನ್ನು ಓದಿ ಒಂದು ವಿಷಯ ನೆನಪಾಯಿತು. ನನ್ನ ಅಣ್ಣನ ಗಾಡಿಯಲ್ಲಿ ಇಂತಹ ಗೇಜ್ ಇದೆ, ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಐದಾರು ಡಿಗ್ರಿ ಸರಿಯುತ್ತದೆ. ಲೈಟ್‌ಗೂ ನೀರಿಗೂ ಏನು ಸಂಬಂಧ?

ಮತ್ತೊಂದು. ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಹಾಕುವ ಪ್ಲಾಸ್ಟಿಕ್ ಗೂಡು ಗೇಜ್‌ಗೆ ಒಳ್ಳೆಯದೇ?

ತಂತಿ ಕೆಲಸ

ನೀರಿಗೆ ಸಂಬಂಧವಿಲ್ಲ, ಅರ್ಥ್‌ಗೆ ಇದೆ. ಗೇಜ್‌ನ ಅರ್ಥ್ ಮತ್ತು ಹೆಡ್‌ಲೈಟ್‌ನ ಅರ್ಥ್ ಒಂದೇ ತುಕ್ಕು ಹಿಡಿದ ಬೋಲ್ಟ್ ಹಂಚಿಕೊಂಡಿರಬೇಕು. ಲೈಟ್‌ನ ದೊಡ್ಡ ಕರೆಂಟ್ ಆ ದಾರಿಯಲ್ಲಿ ಹರಿದಾಗ ಗೇಜ್‌ನ ಅರ್ಥ್ ಸೊನ್ನೆಯಿಂದ ಸ್ವಲ್ಪ ಮೇಲೇರುತ್ತದೆ, ಅದನ್ನೇ ಗೇಜ್ ತಾಪಮಾನದ ಬದಲಾವಣೆ ಎಂದು ಓದುತ್ತದೆ. ಅರ್ಥ್ ತಂತಿಯನ್ನು ಬೇರೆ ಮಾಡಿ ಎಂಜಿನ್‌ಗೆ ನೇರ ಒಯ್ದರೆ ಗುಣವಾಗುತ್ತದೆ.

ಗೂಡಿನ ವಿಷಯ: ಆ ಕಂಬದ ಒಳಗೆ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಾದರೆ ಅಲ್ಲಿ ಏನನ್ನೂ ಹಾಕಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಗೇಜ್ ನೇರ ಚಾಲಕನ ತಲೆಗೆ ಬರುತ್ತದೆ.

ಗೇರ್‌ಪೆಟ್ಟಿಗೆ

ಗೇಜ್ ಕೂತಿದೆ. ಕುದಿಯುವ ನೀರಿನ ಪರೀಕ್ಷೆಯಲ್ಲಿ ಪಾಸಾಯಿತು. ಸ್ಟಿಯರಿಂಗ್ ಕಾಲಂನ ಎಡಕ್ಕೆ ಚಿಕ್ಕ ಬಟ್ಟಲಿನಲ್ಲಿ ಇಟ್ಟಿದ್ದೇನೆ. ಓಡಿಸುತ್ತಾ ನೋಡಿದ್ದನ್ನು ಬರೆಯುತ್ತೇನೆ.

ನನ್ನ ಥರ್ಮೋಸ್ಟಾಟ್ 82 ಡಿಗ್ರಿಯದು. ಸಮತಟ್ಟಾದ ರಸ್ತೆಯಲ್ಲಿ ಅಂಕಿ 84ರಿಂದ 87ರ ನಡುವೆ ಇರುತ್ತದೆ. ದೀರ್ಘ ಇಳಿಜಾರಿನಲ್ಲಿ, ಕಾಲು ಆಕ್ಸಿಲರೇಟರ್ ಮೇಲಿಲ್ಲದಾಗ 80ರ ಕೆಳಗೂ ಹೋಗುತ್ತದೆ. ಡೀಸೆಲ್ ಎಂಜಿನ್ ಭಾರವಿಲ್ಲದಾಗ ಎಷ್ಟು ಕಡಿಮೆ ಬಿಸಿ ಹುಟ್ಟಿಸುತ್ತದೆ ಎಂಬುದು ಕಣ್ಣಿಗೆ ಕಂಡಿತು. ಉದ್ದದ ಏರಿನಲ್ಲಿ 93, 94. ಈ ಎಲ್ಲ ಹೊತ್ತಿನಲ್ಲೂ ಕಂಪನಿಯ ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ.

ಚಿಂತೆಗೆ ಕಾರಣ ಇನ್ನೊಂದು. ಲೋ ರೇಂಜ್‌ನಲ್ಲಿ ನಿಧಾನವಾಗಿ ಕಲ್ಲುದಾರಿ ಹತ್ತುವಾಗ ಎಸಿ ಹಾಕಿದ್ದರೆ ಅಂಕಿ 101ಕ್ಕೆ ಹೋಗುತ್ತದೆ. ಮೇಲೆ ಬಂದು ಹೆದ್ದಾರಿ ಸೇರಿದರೆ ಬೇಗನೆ 88ಕ್ಕೆ ಇಳಿಯುತ್ತದೆ. ಇದು ಸಹಜವೇ?

ಏರುದಾರಿ

ನಿಧಾನದಲ್ಲಿ ಬಿಸಿ, ವೇಗದಲ್ಲಿ ತಂಪು ಎಂದರೆ ನೀರಿನ ಹರಿವು ಚೆನ್ನಾಗಿದೆ, ಗಾಳಿಯ ಹರಿವು ಸಾಲುತ್ತಿಲ್ಲ ಎಂದರ್ಥ. ಫ್ಯಾನ್ ಕ್ಲಚ್ ನೋಡಿ. ರೇಡಿಯೇಟರ್‌ನಿಂದ ಬರುವ ಗಾಳಿ ಬಿಸಿಯಾದಾಗ ಅದರ ಮುಂದಿರುವ ಬೈಮೆಟಲ್ ಪಟ್ಟಿ ಸಿಲಿಕೋನ್ ಎಣ್ಣೆಗೆ ದಾರಿ ಬಿಟ್ಟು ಫ್ಯಾನನ್ನು ಬಿಗಿಯಾಗಿ ಹಿಡಿಸಬೇಕು, ಆಗ ದೊಡ್ಡ ಸದ್ದು ಕೇಳುತ್ತದೆ. ನಿಮಗೆ 95 ದಾಟಿದ ಮೇಲೂ ಆ ಸದ್ದು ಕೇಳದಿದ್ದರೆ ಎಣ್ಣೆ ಸೋರಿಹೋಗಿರಬಹುದು. ಎಂಜಿನ್ ನಿಲ್ಲಿಸಿ, ಬಿಸಿ ಇರುವಾಗಲೇ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಬಿಗಿ ಇರಬೇಕು. ಸರಾಗವಾಗಿ ಸುತ್ತಿದರೆ ಕ್ಲಚ್ ಮುಗಿದಿದೆ.

ಇದಕ್ಕೆ ವಿರುದ್ಧವಾದ ಲಕ್ಷಣವೂ ಇದೆ. ನಿಂತಲ್ಲಿ ಸರಿ, ಹೆದ್ದಾರಿಯ ಏರಿನಲ್ಲಿ ಬಿಸಿ ಎಂದಾದರೆ ರೇಡಿಯೇಟರ್‌ನ ಒಳನಾಳಗಳು ಕಟ್ಟಿವೆ, ಇಲ್ಲವೇ ವಾಟರ್ ಪಂಪ್ ಸಾಲುತ್ತಿಲ್ಲ. ಬೆಚ್ಚಗಾಗಲು ಬಹಳ ಹೊತ್ತು ತೆಗೆದುಕೊಂಡು, ಹೆದ್ದಾರಿಯಲ್ಲಿ 70ರ ಆಸುಪಾಸಿನಲ್ಲೇ ಉಳಿದರೆ ಥರ್ಮೋಸ್ಟಾಟ್ ತೆರೆದುಕೊಂಡೇ ನಿಂತಿದೆ. ಅಂಕಿ ಕಾರಣವಿಲ್ಲದೆ ಹಾರಿ ಇಳಿಯುತ್ತಿದ್ದರೆ ನೀರಿನಲ್ಲಿ ಗಾಳಿ ಇದೆ. ಗಾಳಿ ತೆಗೆದ ಮೇಲೂ ಮತ್ತೆ ಮತ್ತೆ ಹಾಗಾದರೆ ಹೆಡ್ ಗ್ಯಾಸ್ಕೆಟ್‌ನಿಂದ ದಹನದ ಅನಿಲ ನೀರಿಗೆ ನುಗ್ಗುತ್ತಿದೆಯೇ ಎಂದು ಪರೀಕ್ಷಿಸಬೇಕು.

ಹಳೆಯ ಪಾನಾ

ಫ್ಯಾನ್ ಕ್ಲಚ್ ಬದಲಿಸುವ ಮೊದಲು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ದೀಪ ಹಿಡಿದು ನೋಡಿ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಶುಭ್ರವಾಗಿ ಕಾಣುತ್ತದೆ, ಹಿಂದೆ ಹುಲ್ಲಿನ ಬೀಜ, ಕೀಟ, ಒಣಗಿದ ಕೆಸರು ಗೋಡೆಯಂತೆ ಕಟ್ಟಿರುತ್ತದೆ. ತೊಳೆಯುವಾಗ ಎಂಜಿನ್ ಬದಿಯಿಂದ ಮುಂದಕ್ಕೆ ನೀರು ಹಾಯಿಸಿ. ಒತ್ತಡ ಕಡಿಮೆ ಇರಲಿ, ಜೋರು ನೀರಿಗೆ ರೆಕ್ಕೆಗಳು ಮಡಚಿ ಇನ್ನಷ್ಟು ಕೆಡುತ್ತದೆ. ಮುಂದೆ ದೊಡ್ಡ ದೀಪ, ವಿಂಚ್ ಇದ್ದರೆ ಅವೂ ಗಾಳಿಯನ್ನು ತಡೆಯುತ್ತವೆ.

ಮರಳುಹಾದಿ

ಅಲಾರಂ ಎಷ್ಟಕ್ಕೆ ಇಡಬೇಕು ಎಂದು ಯಾರೂ ಇನ್ನೂ ಹೇಳಿಲ್ಲ. ನನ್ನ ಪದ್ಧತಿ: ಗಾಡಿ ಆರೋಗ್ಯವಾಗಿರುವಾಗ, ಬೇಸಿಗೆಯಲ್ಲಿ, ಪೂರ್ತಿ ಭಾರದಲ್ಲಿ ಕಂಡ ಅತಿ ಹೆಚ್ಚಿನ ಅಂಕಿಗೆ ಐದಾರು ಡಿಗ್ರಿ ಸೇರಿಸಿ. ತೀರಾ ಹತ್ತಿರ ಇಟ್ಟರೆ ಪ್ರತಿ ಏರಿನಲ್ಲೂ ಕೂಗುತ್ತದೆ, ಕೊನೆಗೆ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕುದಿಯುವ ಬಿಂದುವನ್ನು ನಂಬಿ 115, 120ಕ್ಕೆ ಇಡುವವರೂ ಇದ್ದಾರೆ. ಅರ್ಧ ನೀರು ಅರ್ಧ ಗ್ಲೈಕಾಲ್, ಜೊತೆಗೆ 1 ಬಾರ್ ಒತ್ತಡದ ಮುಚ್ಚಳ ಇದ್ದರೆ ಕುದಿಯುವುದು 125 ಡಿಗ್ರಿ ದಾಟಿದ ಮೇಲೆ, ನಿಜ. ಆದರೆ ಹೆಡ್ ಸೊಟ್ಟಗಾಗಲು ನೀರು ಕುದಿಯಬೇಕೆಂದೇನೂ ಇಲ್ಲ. ಮುಚ್ಚಳದ ರಬ್ಬರ್ ಹಳೆಯದಾಗಿ ಒತ್ತಡ ಹಿಡಿಯದಿದ್ದರೆ ಆ ಲೆಕ್ಕವೂ ಕೆಡುತ್ತದೆ.

ಅಲಾರಂ ಕೂಗಿದಾಗ ಕಾಲು ಸಡಿಲಿಸಿ, ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಿ. ಒಂದು ಗೇರ್ ಇಳಿಸಿದರೆ ಪಂಪ್ ಮತ್ತು ಫ್ಯಾನ್ ವೇಗವಾಗಿ ತಿರುಗುತ್ತವೆ. ನಿಲ್ಲಿಸಬೇಕಾದರೆ ನ್ಯೂಟ್ರಲ್‌ನಲ್ಲಿ 1200ರಿಂದ 1500 ಆರ್‌ಪಿಎಂ ಇಟ್ಟು ಅಂಕಿ ಇಳಿಯಲು ಬಿಡಿ.

ಹಳೆಯ ಪಾನಾ

ಕೊನೆಯ ಮಾತಿಗೆ ಒಂದು ಷರತ್ತು ಸೇರಿಸಲೇಬೇಕು. ನೀರು ವ್ಯವಸ್ಥೆಯೊಳಗೆ ಇದ್ದರೆ ಮಾತ್ರ ಎಂಜಿನ್ ಓಡಿಸುತ್ತಾ ತಂಪು ಮಾಡುವುದು ಸರಿ. ಹಬೆ ಕಂಡರೆ, ಕೂಲಂಟ್ ವಾಸನೆ ಬಂದರೆ, ಹೀಟರ್‌ನಿಂದ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬಂದರೆ, ನೀರಿನ ಅಂಕಿ ಇಳಿಯುತ್ತಾ ಲೋಹದ ಅಂಕಿ ಏರುತ್ತಿದ್ದರೆ ಆ ಕ್ಷಣವೇ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿ. ಟರ್ಬೊ ತಣ್ಣಗಾಗಲಿ ಎಂದು ಆಗ ಕಾಯಬಾರದು. ಟರ್ಬೊ ಬೇರೆ ಹಾಕಬಹುದು. ಬಿಸಿ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ.

ಗೇರ್‌ಪೆಟ್ಟಿಗೆಯವರು ಎರಡೂ ಬಗೆಯ ಸೆನ್ಸರ್ ಹಾಕಿರುವುದರಿಂದ ಈ ವ್ಯತ್ಯಾಸ ಅವರಿಗೆ ಕಾಣುತ್ತದೆ. ಒಂದೇ ಇರುವವರು ಹೀಟರ್ ಗಾಳಿಯನ್ನು ಕೈಯಿಂದ ಮುಟ್ಟಿ ನೋಡುವುದನ್ನು ರೂಢಿಸಿಕೊಳ್ಳಿ.

ಗೇರ್‌ಪೆಟ್ಟಿಗೆ

ಪಾನಾ ಅವರು ಹೇಳಿದಂತೆ ಕಂಡೆನ್ಸರ್ ಸಡಿಲಿಸಿ ನೋಡಿದೆ. ಸಂದಿಯ ಕೆಳಗಿನ ಮೂರನೇ ಒಂದು ಭಾಗ ಗಟ್ಟಿ ಕೆಸರಿನಿಂದ ಮುಚ್ಚಿಹೋಗಿತ್ತು. ತೊಳೆದು, ಅದೇ ಕಲ್ಲುದಾರಿಯಲ್ಲಿ ಎಸಿ ಹಾಕಿಕೊಂಡೇ ಹತ್ತಿಸಿದೆ. ಈಗ 95ಕ್ಕೆ ಹೋಗಿ ನಿಲ್ಲುತ್ತದೆ, ಮತ್ತು 94 ಆಗುವಷ್ಟರಲ್ಲಿ ಫ್ಯಾನ್‌ನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಹಾಗಾಗಿ ಕ್ಲಚ್ ಬದಲಿಸುತ್ತಿಲ್ಲ. ನೀರಿನ ಅಲಾರಂ 102ಕ್ಕೆ ಇಟ್ಟಿದ್ದೇನೆ. ಲೋಹದ ಸೆನ್ಸರ್ ನನ್ನ ಎಂಜಿನ್‌ನಲ್ಲಿ ನೀರಿಗಿಂತ ಮೂರು ಡಿಗ್ರಿ ಕಡಿಮೆ ತೋರಿಸುವುದರಿಂದ ಅದರದನ್ನು 100ಕ್ಕೆ.

ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೀ ಹಾಕಿದರೆ ಅಂಕಿ ನಿಲ್ಲಿಸಿದಾಗಿನದಕ್ಕಿಂತ ಏಳೆಂಟು ಡಿಗ್ರಿ ಮೇಲಿರುತ್ತದೆ. ನೀರು ಹರಿಯದೆ ಹೆಡ್‌ನ ಬಿಸಿ ಅಲ್ಲೇ ನಿಂತ ನೀರಿಗೆ ಇಳಿಯುವುದರಿಂದ ಹೀಗೆ ಎಂದುಕೊಂಡಿದ್ದೇನೆ, ಸರಿಯೇ?

ಹಳೆಯ ಪಾನಾ

ಸರಿ. ಎಂಜಿನ್ ಶುರುವಾಗಿ ನೀರು ಸುತ್ತತೊಡಗಿದರೆ ಒಂದು ನಿಮಿಷದೊಳಗೆ ಇಳಿಯಬೇಕು. ಇಳಿಯದಿದ್ದರೆ ಮತ್ತೆ ಇಲ್ಲಿ ಬರೆಯಿರಿ. ಪ್ಲಗ್ ತೆಗೆಯುವಾಗ ಕೂಲಂಟ್ ಇಳಿಸಿದ್ದೀರಿ, ಒಳಗೆ ಗಾಳಿ ಉಳಿದಿರಬಹುದು. ಕೆಲವು ದಿನಗಳ ಮಟ್ಟಿಗೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆರೆದು ಕೂಲಂಟ್ ಕತ್ತಿನವರೆಗೆ ಇದೆಯೇ ನೋಡುತ್ತಿರಿ, ಸೆನ್ಸರ್‌ನ ಬುಡವನ್ನು ಒಣ ಬಟ್ಟೆಯಿಂದ ಒರೆಸಿ ತೇವ ಇದೆಯೇ ಪರೀಕ್ಷಿಸಿ.